ಅಲಗಿಗೆ ಮೊದಲಿನ ದಾರಿ

ಹೊಸಪೇಟೆಯ ಕಡೆಯಿಂದ ತುಂಗಭದ್ರೆಯನ್ನು ದಾಟಿ ಕುಷ್ಟಗಿಯ ದಾರಿ ಹಿಡಿದವರಿಗೆ, ಮುನಿರಾಬಾದು ಹಿಂದಾದ ಸ್ವಲ್ಪ ಹೊತ್ತಿಗೆ ಹಿಟ್ನಾಳ ಎದುರಾಗುವುದು. ನಾನು ಹುಡುಗನಾಗಿದ್ದ ಕಾಲದಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ, ಹಬ್ಬಕ್ಕೋ ಹರಕೆಗೋ ಬೀಗರ ಉಪಚಾರಕ್ಕೋ ಮರಿಯೊಂದನ್ನು ಕೊಯ್ಯಬೇಕಾದಾಗ, ಮನೆಯವರು ಯಾವ ಜಾತಿಯವರೇ ಆಗಿರಲಿ, ಊರ ಮುಲ್ಲಾಸಾಬರಿಗೆ ಹೇಳಿಕಳುಹಿಸುವುದು ರೂಢಿಯಾಗಿದ್ದಿತು. ಅವರು ಬಂದು ಜಗಲಿಯ ಅಂಚಿನಲ್ಲಿ ಕುಳಿತು, ಹಳೆಯ ಬಟ್ಟೆಯ ಸುತ್ತನ್ನು ಬಿಚ್ಚಿ, ಚೂರಿಯನ್ನು ಹೊರತೆಗೆದು, ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಮಸೆದು, ಆಮೇಲೆ ಎಡಗೈಯ ಹೆಬ್ಬೆರಳಿನ ಉಗುರಿನ ಮೇಲೆ ಅದರ ಅಲಗನ್ನು ಮೆಲ್ಲಗೆ ಜಾರಿಸಿ ನೋಡುವರು. ಎಲ್ಲಿಯಾದರೂ ಕೂದಲೆಳೆಯಷ್ಟು ತಡೆದಂತೆ ತೋರಿದರೆ ಮರಳಿ ಸಾಣೆಗೆ ಹಿಡಿಯುವರು. ಅಷ್ಟಾದ ಮೇಲೆ ನಮ್ಮ ದೊಡ್ಡಪ್ಪನ ಕಡೆ ತಿರುಗಿ, "ಗೌಡ್ರ, ಮರಿಗೆ ನೀರು ಕುಡಿಸೀರೇನ್ರಿ?" ಎಂದು ಕೇಳುವರು. ಕುಡಿಸಿಲ್ಲವೆಂದರೆ ಕೆಲಸ ಅಲ್ಲಿಗೇ ನಿಲ್ಲುವುದು. ಕುಡಿಸಿದ ಮೇಲೆ, ಹಿತ್ತಲಲ್ಲಿ ಕಟ್ಟಿದ್ದ ಉಳಿದ ಮರಿಗಳನ್ನು ಗೋಡೆಯ ಆಚೆಗೆ ಅಟ್ಟಿಸಿಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕೊಯ್ಯುವುದನ್ನು ಅವು ಕಾಣಕೂಡದೆಂಬುದು ಅವರ ಕಟ್ಟಪ್ಪಣೆಯಾಗಿದ್ದಿತು.

ಬಹುಕಾಲದ ಅನಂತರ ಯೆಹೂದಿ ಜನರ ಆಹಾರಧರ್ಮವನ್ನು ಕುರಿತು ಓದುತ್ತಿದ್ದಾಗ, ಅವರಲ್ಲಿ ಪಶುವನ್ನು ಕೊಯ್ಯುವ ಅಧಿಕಾರ ಪಡೆದ ಶೋಖೇತನು ತನ್ನ ಕತ್ತಿಯ ಅಲಗನ್ನು ಉಗುರಿನ ಮೇಲೆ ಎಳೆದು ಪರೀಕ್ಷಿಸುವನೆಂಬ ವಾಕ್ಯವನ್ನು ಕಂಡು, ಆ ಜಗಲಿಯೂ ಆ ಸಾಣೆಕಲ್ಲೂ ಕಣ್ಣ ಮುಂದೆ ನಿಂತುವು. ಯೆಹೂದಿಗಳು ನಮಗೆ ತೀರ ಅಪರಿಚಿತರೂ ಅಲ್ಲ. ಕೊಂಕಣದ ಕರಾವಳಿಯಲ್ಲಿ ಗಾಣವಾಡಿಸಿ ಎಣ್ಣೆ ತೆಗೆಯುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಕಾರಣದಿಂದ 'ಶನಿವಾರ ತೇಲಿ'ಗಳೆಂದು ಕರೆಯಿಸಿಕೊಂಡ ಬೆನೆ ಇಸ್ರೇಲ್ ಜನರು ಶತಮಾನಗಳ ಕಾಲ ಮರಾಠಿ ಮಾತನಾಡುತ್ತ ಬಾಳಿದವರು. ತಮ್ಮ ಶಾಸ್ತ್ರಗಳ ಬಹುಭಾಗ ಮರೆತುಹೋಗಿದ್ದ ಕಾಲದಲ್ಲಿಯೂ ಶನಿವಾರದ ವಿಶ್ರಾಂತಿಯನ್ನೂ ಆಹಾರದ ನಿಷೇಧಗಳನ್ನೂ ಅವರು ಬಿಟ್ಟುಕೊಟ್ಟವರಲ್ಲ.

ಆ ನಿಯಮಗಳಿಗೆ ಒಪ್ಪುವ ಆಹಾರವೇ 'ಕೋಷರ್'. ಗೊರಸು ಸೀಳಿರುವ, ಮೆಲುಕು ಹಾಕುವ ಪಶುವಿನ ಮಾಂಸ ಮಾತ್ರ ಗ್ರಾಹ್ಯ. ರಕ್ತ ಸರ್ವಥಾ ವರ್ಜ್ಯ, ಆದಕಾರಣ ಮಾಂಸವನ್ನು ನೀರಿನಲ್ಲಿ ನೆನೆಯಿಟ್ಟು ಉಪ್ಪು ಹಚ್ಚಿ ರಕ್ತವನ್ನು ಬಸಿಯಬೇಕು. ಕೊಯ್ಯುವ ಕ್ರಮವಂತೂ ಒಂದು ಪೂರ್ಣ ಶಾಸ್ತ್ರ. ಕತ್ತಿಗೆ ಮೊನೆಯಿರಕೂಡದು, ಅಲಗಿನಲ್ಲಿ ಲೇಶಮಾತ್ರವೂ ಕಚ್ಚಿರಕೂಡದು. ಕೊಯ್ಯುವಾಗ ನಡುವೆ ತಡೆದು ನಿಲ್ಲಿಸಿದರೆ, ಅಲಗನ್ನು ಒತ್ತಿದರೆ, ಅದು ಚರ್ಮದ ಕೆಳಗೆ ಮರೆಯಾದರೆ, ನಿಯತವಾದ ಸ್ಥಾನ ತಪ್ಪಿದರೆ, ನಾಳವು ಕೊಯ್ದುಹೋಗದೆ ಹರಿದುಬಂದರೆ, ಈ ಐದರಲ್ಲಿ ಯಾವೊಂದು ದೋಷ ಸಂಭವಿಸಿದರೂ ಆ ಪಶುವಿನ ಮಾಂಸ ನಿಷಿದ್ಧವಾಗುವುದು. ಕೊಯ್ದ ಮೇಲೂ ಅಲಗನ್ನು ಪುನಃ ಉಗುರಿನ ಮೇಲೆ ನೋಡಬೇಕು. ಆಗ ಕಚ್ಚು ಕಂಡುಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬಳಿಕ ಪುಪ್ಪುಸಗಳನ್ನು ಕೈಯಿಂದ ತಡವಿ, ಅಂಟು ಗಾಯಗಳಿವೆಯೇ ಎಂದು ಪರೀಕ್ಷಿಸುವರು. ನುಣುಪಾದ ಪುಪ್ಪುಸವುಳ್ಳದ್ದಕ್ಕೆ 'ಗ್ಲಾಟ್' ಎಂದು ಹೆಸರು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಅವರ ಧರ್ಮಗ್ರಂಥದ ಇನ್ನೊಂದು ವಿಧಿ: ತಾಯಿಯನ್ನೂ ಅದರ ಮರಿಯನ್ನೂ ಒಂದೇ ದಿನ ಕೊಯ್ಯಲಾಗದು. ಜೀವಿಗಳ ನೋವನ್ನು ಪರಿಗಣಿಸಬೇಕೆಂಬುದಕ್ಕೆ 'ತ್ಸಾರ್ ಬಾಲೇ ಖಯೀಮ್' ಎಂಬ ಪ್ರತ್ಯೇಕ ಸಂಜ್ಞೆಯೇ ಅವರ ಶಾಸ್ತ್ರದಲ್ಲುಂಟು.

ಇಷ್ಟೊಂದು ಸೂಕ್ಷ್ಮವಾದ ನಿಯಮಗಳ ನೆರಳಿನಲ್ಲಿಯೇ ಒಂದು ಕಾರ್ಖಾನೆ ದುಷ್ಕೀರ್ತಿಗೆ ಗುರಿಯಾದ ವೃತ್ತಾಂತವನ್ನು ನಾನಿಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಪೋಸ್ಟ್‌ವಿಲ್ ಎಂಬುದು ಎರಡು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಜನಸಂಖ್ಯೆಯ, ಮೆಕ್ಕೆಜೋಳದ ಹೊಲಗಳ ನಡುವಿನ ಊರು. 1987ರಲ್ಲಿ ನ್ಯೂಯಾರ್ಕಿನ ಯೆಹೂದಿ ವರ್ತಕ ಕುಟುಂಬವೊಂದು ಅಲ್ಲಿ ಮುಚ್ಚಿಹೋಗಿದ್ದ ಕಸಾಯಿಖಾನೆಯೊಂದನ್ನು ಕೊಂಡು 'ಅಗ್ರಿಪ್ರೊಸೆಸರ್ಸ್' ಎಂಬ ಹೆಸರಿನಿಂದ ಕೋಷರ್ ಮಾಂಸದ ಉದ್ಯಮವನ್ನು ಆರಂಭಿಸಿತು. ಅದು ಬೆಳೆದು ಆ ದೇಶದ ಅತಿ ದೊಡ್ಡ ಕೋಷರ್ ಮಾಂಸದ ಕಾರ್ಖಾನೆಯಾಯಿತು. 2004ರಲ್ಲಿ ಪ್ರಾಣಿದಯೆಯ ಸಂಸ್ಥೆಯೊಂದರವರು ಗುಟ್ಟಾಗಿ ತೆಗೆದ ಚಿತ್ರಗಳು ಹೊರಬಂದುವು. ಶೋಖೇತನು ಕೊಯ್ದ ಕೂಡಲೇ ಇನ್ನೊಬ್ಬ ಕೆಲಸಗಾರನು ಕೊಕ್ಕೆಯಿಂದ ಗಂಟಲಿನ ನಾಳಗಳನ್ನು ಎಳೆದುಹಾಕುವುದು, ಇನ್ನೂ ಪ್ರಜ್ಞೆಯಿದ್ದ ಹೋರಿಗಳು ಜಾರುವ ನೆಲದ ಮೇಲೆ ಎದ್ದು ನಿಲ್ಲಲು ಹೆಣಗುವುದು ಆ ಚಿತ್ರಗಳಲ್ಲಿ ಕಾಣುತ್ತಿತ್ತು. ಅಲಗಿನಲ್ಲಿ ಕಚ್ಚಿರಲಿಲ್ಲ, ಐದು ದೋಷಗಳಲ್ಲಿ ಒಂದೂ ಸಂಭವಿಸಿರಲಿಲ್ಲವೆಂದು ಪ್ರಮಾಣಪತ್ರ ಕೊಟ್ಟವರು ಸಮರ್ಥಿಸಿಕೊಂಡರು. ಅವರ ಸಮರ್ಥನೆ ಶಾಸ್ತ್ರದ ದೃಷ್ಟಿಯಿಂದ ಎಷ್ಟು ಸರಿಯಾಗಿದ್ದರೂ, ನೋಡಿದವರ ಮನಸ್ಸಾಕ್ಷಿಗೆ ಅದು ಸಾಲದಾಯಿತು. ಆ ಕೊಕ್ಕೆಯ ಕ್ರಮವನ್ನು ಕಾರ್ಖಾನೆ ಕೈಬಿಡಬೇಕಾಯಿತು.

ಪಶುಗಳ ಕಥೆ ಮನುಷ್ಯರ ಕಥೆಯಾಗಲು ತಡವಾಗಲಿಲ್ಲ. ಅಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಗ್ವಾಟೆಮಾಲಾದ ಬೆಟ್ಟಗಾಡಿನ ಬಡ ಹಳ್ಳಿಗರು, ಉಳಿದವರಲ್ಲಿ ಬಹುಮಂದಿ ಮೆಕ್ಸಿಕೋದವರು. ಅಲ್ಪವಾದ ಕೂಲಿ, ದೀರ್ಘವಾದ ಪಾಳಿ, ಗಾಯಗೊಂಡ ಕೈಗಳು ಮುಂತಾದುವನ್ನು ಯೆಹೂದಿಗಳದೇ ಪತ್ರಿಕೆಯೊಂದು 2006ರಲ್ಲಿ ಬಯಲಿಗೆ ತಂದಿತು. 2008ರ ಮೇ 12ರಂದು ಸರ್ಕಾರದ ಅಧಿಕಾರಿಗಳು ಹೆಲಿಕಾಪ್ಟರುಗಳೊಡನೆ ಬಂದು ಕಾರ್ಖಾನೆಯನ್ನು ಮುತ್ತಿ, ಸರಿಯಾದ ಕಾಗದಪತ್ರಗಳಿಲ್ಲದ 389 ಮಂದಿಯನ್ನು ಹಿಡಿದರು. ಹಿಡಿದವರನ್ನು ಕೂಡಿಹಾಕಿ ವಿಚಾರಣೆ ನಡೆಸಿದ್ದು ವಾಟರ್‌ಲೂ ಎಂಬ ಊರಿನ ದನದ ಪ್ರದರ್ಶನದ ಮೈದಾನದಲ್ಲಿ. ಸಂಕಲೆ ತೊಡಿಸಿ ತಂಡತಂಡವಾಗಿ ಅವರನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದರು. ಬಹುಮಂದಿಗೆ ಐದು ತಿಂಗಳ ಸೆರೆವಾಸವೂ ಅನಂತರ ದೇಶಭ್ರಷ್ಟತೆಯೂ ಪ್ರಾಪ್ತವಾದುವು. ಕೈಗೂಸುಗಳಿದ್ದ ಕೆಲವು ತಾಯಂದಿರನ್ನು ಕಾಲಿಗೆ ಯಂತ್ರದ ಬಳೆ ತೊಡಿಸಿ ಊರಿಗೆ ಕಳುಹಿಸಿದರು. ದುಡಿಯಲು ಅನುಮತಿಯಿಲ್ಲದ, ಊರು ಬಿಡಲೂ ಅನುಮತಿಯಿಲ್ಲದ ಆ ತಾಯಂದಿರಿಗೆ ಪೋಸ್ಟ್‌ವಿಲ್ಲಿನ ಸಂತ ಬ್ರಿಜೆಟ್ಟಳ ಚರ್ಚೇ ಅನ್ನವನ್ನೂ ಆಶ್ರಯವನ್ನೂ ಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಕಾರ್ಖಾನೆ ದಿವಾಳಿಯಾಯಿತು. ಅದರ ಮುಖ್ಯಸ್ಥನಿಗೆ ಬ್ಯಾಂಕಿನ ವಂಚನೆಗಾಗಿ 2010ರಲ್ಲಿ 27 ವರ್ಷಗಳ ಶಿಕ್ಷೆಯಾಯಿತು, 2017ರಲ್ಲಿ ಅಧ್ಯಕ್ಷರ ಆಜ್ಞೆಯಿಂದ ಅದು ಮೊಟಕಾಯಿತು. ಅಪ್ರಾಪ್ತವಯಸ್ಕರನ್ನು ದುಡಿಸಿದ ಆರೋಪದಲ್ಲಿ ಮಾತ್ರ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತೆಂಬುದನ್ನೂ ಹೇಳುವುದು ನ್ಯಾಯ.

ಈ ದುರಂತ ಯೆಹೂದಿ ಸಮಾಜದೊಳಗೆ ಎಬ್ಬಿಸಿದ ವಿವಾದ ನಮ್ಮ ಓದುಗರ ಗಮನಕ್ಕೆ ಅರ್ಹವಾದುದು. ಒಂದು ಪಕ್ಷದವರು, ಪ್ರಮಾಣಪತ್ರವು ಸಾಕ್ಷಿ ನುಡಿಯುವುದು ಆಹಾರದ ವಿಧಿಗೆ ಮಾತ್ರ, ಕೂಲಿಯ ವಿಚಾರ ಸರ್ಕಾರಕ್ಕೆ ಸೇರಿದ್ದು, ಎಂದರು. ಇನ್ನೊಂದು ಪಕ್ಷದವರು, ಕೂಲಿಕಾರನ ಸಂಬಳವನ್ನು ಸೂರ್ಯಾಸ್ತಕ್ಕೆ ಮುನ್ನ ಕೊಡಬೇಕೆಂದು ವಿಧಿಸಿದುದೂ ಅದೇ ಧರ್ಮಗ್ರಂಥವಲ್ಲವೇ, ಒಂದು ವಿಧಿಗೆ ಮುದ್ರೆಯೊತ್ತಿ ಮತ್ತೊಂದಕ್ಕೆ ಕಣ್ಣು ಮುಚ್ಚುವುದು ಹೇಗೆ, ಎಂದು ಕೇಳಿದರು. ಮಿನೆಸೋಟಾದ ಮಾರಿಸ್ ಆಲನ್ ಎಂಬ ರಬ್ಬಿ 'ಹೆಖ್ಷರ್ ತ್ಸೆದೆಕ್', ಅಂದರೆ ನ್ಯಾಯದ ಮುದ್ರೆ, ಎಂಬ ಯೋಜನೆಯನ್ನು ಮುಂದಿಟ್ಟರು. ಕೂಲಿ, ಸುರಕ್ಷತೆ, ಪಶುಗಳ ಪಾಲನೆ, ಪರಿಸರ ಇವುಗಳ ಪರೀಕ್ಷೆ ಅದರಲ್ಲಿ ಅಡಕವಾಗಿದ್ದಿತು. ಸಂಪ್ರದಾಯನಿಷ್ಠರೊಳಗಿನ ತರುಣರು 'ಊರಿ ಲ್ತ್ಸೆದೆಕ್' ಎಂಬ ಸಂಘ ಕಟ್ಟಿ, 2009ರಲ್ಲಿ, ಕೆಲಸಗಾರರನ್ನು ನ್ಯಾಯವಾಗಿ ನಡೆಸಿಕೊಳ್ಳುವ ಉಪಾಹಾರಗೃಹಗಳಿಗೆ ಬೇರೊಂದು ಮುದ್ರೆಯನ್ನು ಕೊಡತೊಡಗಿದರು. ಮಾಂಸದ ಪೊಟ್ಟಣಗಳ ಮೇಲೆ ನ್ಯಾಯದ ಮುದ್ರೆ ವ್ಯಾಪಕವಾಗಿ ಬೀಳಲಿಲ್ಲ. ಆದರೆ ಪ್ರಶ್ನೆಯನ್ನು ಕೇಳಿದವರು ಹೊರಗಿನವರಲ್ಲ, ಆ ಊಟವನ್ನೇ ಉಣ್ಣುವವರು. ನನ್ನ ಗೌರವ ಸಲ್ಲುವುದು ಅವರಿಗೆ.

ಹೊರಗಿನವರು ಕೇಳಿದಾಗ ಏನಾಗುವುದೆಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆಗಳಿವೆ. ಸ್ವಿಟ್ಜರ್ಲೆಂಡು 1893ರಲ್ಲಿ ಜನಮತದ ಮೂಲಕ ಯೆಹೂದಿಗಳ ಕ್ರಮವನ್ನು ನಿಷೇಧಿಸಿತು. ಹಿಟ್ಲರನ ಸರ್ಕಾರ ಅಧಿಕಾರಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ, 1933ರ ಏಪ್ರಿಲ್‌ನಲ್ಲಿ, ಅಂಥದೇ ನಿಷೇಧವನ್ನು ಹೊರಡಿಸಿತು. ಆ ಸರ್ಕಾರಕ್ಕೆ ಹೋರಿಯ ಮೇಲೆ ಕರುಣೆಯಿತ್ತೆಂದು ಯಾರೂ ನಂಬಲಾರರು. 2022ರ ಯುಗಾದಿಯ ಕಾಲಕ್ಕೆ ಕರ್ನಾಟಕದಲ್ಲಿ ಹಲಾಲ್ ಮಾಂಸದ ವಿಚಾರವಾಗಿ ಎದ್ದ ಗದ್ದಲವನ್ನು ನಾನು ದುಃಖದಿಂದ ನೆನೆಯುತ್ತೇನೆ. ಕುರಿಯನ್ನು ಯಾರ ಕೈ ಕೊಯ್ಯಬೇಕೆಂಬುದರ ಮೇಲೆ ಅಷ್ಟು ದಿನ ಮಾತು ನಡೆದರೂ, ಆ ಕುರಿ ಎಲ್ಲಿಂದ ಬಂತು, ದಾರಿಯಲ್ಲಿ ನೀರು ಕುಡಿಯಿತೇ ಎಂದು ಕೇಳಿದ ದನಿ ನನ್ನ ಕಿವಿಗೆ ಬೀಳಲಿಲ್ಲ. ಅಲಗನ್ನು ಹದಗೊಳಿಸಿ ಪಶುವಿಗೆ ನೆಮ್ಮದಿ ಕೊಡಬೇಕೆಂದು ಪ್ರವಾದಿಗಳು ಆಜ್ಞಾಪಿಸಿದುದನ್ನು ಅಕ್ಷರಶಃ ಪಾಲಿಸುತ್ತಿದ್ದ ನಮ್ಮ ಮುಲ್ಲಾಸಾಬರು ಆ ದಿನಗಳಲ್ಲಿ ಬದುಕಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಈಗ ನಮ್ಮ ಮನೆಯ ಅಂಗಳಕ್ಕೇ ಬರೋಣ. ಹಿಟ್ನಾಳದಿಂದ ಒಂದೆರಡು ಹರದಾರಿಯ ಅಂತರದಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲೆ, ಹುಲಿಗಿಯಲ್ಲಿ ಹುಲಿಗೆಮ್ಮ ನೆಲಸಿರುವಳು. ಹುಣ್ಣಿಮೆಗಳಲ್ಲಿಯೂ, ಮಂಗಳವಾರ ಶುಕ್ರವಾರಗಳಲ್ಲಿಯೂ, ಬೇಸಗೆಯ ಕೊನೆಗೆ ನಡೆಯುವ ಜಾತ್ರೆಯಲ್ಲಿಯೂ ರೈಲಿನಿಂದ, ಟ್ರ್ಯಾಕ್ಟರುಗಳಿಂದ, ಕಾಲ್ನಡಿಗೆಯಿಂದ ಬರುವ ಭಕ್ತರಿಗೆ ಲೆಕ್ಕವಿಲ್ಲ. ಹರಕೆ ಹೊತ್ತವರೊಡನೆ ಕುರಿಮರಿಗಳೂ ಹೋತಗಳೂ ಕೋಳಿಗಳೂ ಬರುವುವು. ದೇವಾಲಯದಲ್ಲಿಯೂ ಅದರ ಆವರಣದಲ್ಲಿಯೂ ಪ್ರಾಣಿಬಲಿ ಕೂಡದೆಂದು ನಮ್ಮ ರಾಜ್ಯದಲ್ಲಿ 1959ರಿಂದಲೇ ಕಾಯಿದೆ ಉಂಟು. ಜಾತ್ರೆಯ ಮುನ್ನ ಜಿಲ್ಲಾಡಳಿತ ನಿಷೇಧದ ಆಜ್ಞೆ ಹೊರಡಿಸುವುದೂ, ಪ್ರಾಣಿದಯೆಯ ಸಂಘದವರು ಬಂದು ಬೇಡಿಕೊಳ್ಳುವುದೂ ನಡೆದುಬಂದಿದೆ. ಆದರೂ ಗುಡಿಯ ಎದುರಿನಿಂದ ಸರಿದ ಕತ್ತಿ ಸುತ್ತಲಿನ ಹೊಲಗಳಲ್ಲಿ, ನದಿಯ ದಂಡೆಯಲ್ಲಿ, ಬಂಡಿಯ ಮರೆಯಲ್ಲಿ ತನ್ನ ಕೆಲಸ ಮಾಡುತ್ತಲೇ ಇದೆ.

ಕಾಯಿದೆಯನ್ನು ನಾನು ದೂಷಿಸುವುದಿಲ್ಲ. ದೇವತೆಯ ಸನ್ನಿಧಿ ಶುದ್ಧವಾಗಿರಲೆಂಬ ಅದರ ಆಶಯ ಒಳ್ಳೆಯದು. ಆದರೆ ಗಡಿಬಿಡಿಯಿಂದ, ಕದ್ದು, ಮೊಂಡ ಮಚ್ಚಿನಿಂದ, ಅಭ್ಯಾಸವಿಲ್ಲದ ಕೈ ಕೊಯ್ಯುವ ಮರಿಯ ಸಂಕಟ ಹೆಚ್ಚಾಗುವುದೇ ಹೊರತು ಕಡಮೆಯಾಗುವುದಿಲ್ಲ. ಒಮ್ಮೆ ಜಾತ್ರೆಯ ಮರುದಿನ ಮುಂಜಾನೆ ನದಿಯ ಕಡೆ ನಡೆದುಹೋಗುತ್ತಿದ್ದಾಗ, ಟ್ರೇಲರಿನ ಗಾಲಿಗೆ ಮೊಳದುದ್ದದ ಹಗ್ಗದಿಂದ ಕಟ್ಟಿದ್ದ ಕಂದು ಬಣ್ಣದ ಮರಿಯೊಂದನ್ನು ಕಂಡೆನು. ಹಿಂದಿನ ಸಂಜೆಯಿಂದ ಅಲ್ಲಿಯೇ ಇತ್ತಂತೆ. ಅದರ ಎದುರಿಗೆ, ನಾಲ್ಕು ಮಾರು ದೂರದಲ್ಲಿ, ಅದರ ಜೊತೆಯ ಮರಿಯ ತೊಗಲು ಹರವಿತ್ತು. ನೀರು ತುಂಬಿದ ಕೊಡಪಾನ ಗಾಲಿಯ ಆಚೆಗೆ, ಹಗ್ಗಕ್ಕೆ ಎಟುಕದಷ್ಟು ದೂರದಲ್ಲಿ ಇದ್ದಿತು. ಆ ಕುಟುಂಬದವರು ನಿರ್ದಯರಲ್ಲ. ನನ್ನನ್ನು ಕರೆದು ಚಹಾ ಕೊಟ್ಟರು, ಮಗುವಿನ ಕಾಯಿಲೆ ವಾಸಿಯಾದ ಹರಕೆಯ ಕಥೆಯನ್ನು ಹೇಳಿದರು. ಕೊಡಪಾನವನ್ನು ಈಚೆಗೆ ಸರಿಸಬೇಕೆಂಬುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ. ನಾನು ಸರಿಸಿದಾಗ ಮನೆಯ ಮುದುಕಿ, "ಅಯ್ಯ ನನ್ನವ್ವ, ರಾತ್ರೆಲ್ಲಾ ಒದರಿದ್ದು ಇದಕ್ಕೇನು" ಎಂದು ಕಣ್ಣೊರಸಿಕೊಂಡಳು.

ಈ ಎಟುಕದ ಕೊಡಪಾನದಂಥ ವಿಷಯಗಳನ್ನು ನಮ್ಮ ದೇಶದ ಕಾಯಿದೆ ಯೋಚಿಸದೆ ಇಲ್ಲ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ತಂದ ಮಸೂದೆಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕೇಂದ್ರದ ಕಾಯಿದೆ ಹುಟ್ಟಿತು. ಯಾವ ಮತದವರೇ ಆಗಲಿ ತಮ್ಮ ಧರ್ಮಕ್ಕೆ ಅವಶ್ಯವಾದ ಕ್ರಮದಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲವೆಂದು ಅದರ 28ನೆಯ ಕಲಮು ಹೇಳುತ್ತದೆ. ಆ ಕಲಮು ಬಿಟ್ಟುಕೊಟ್ಟಿರುವುದು ಕೊಲ್ಲುವ ಕ್ರಮವೊಂದನ್ನೇ. ಅದಕ್ಕೆ ಮೊದಲಿನ ಹಸಿವು, ಬಾಯಾರಿಕೆ, ಕಾಲು ಮುರಿಯುವಂತೆ ಬಿಗಿದ ಕಟ್ಟು, ಉಸಿರು ಕಟ್ಟುವ ವಾಹನ ಇವು ಯಾವ ಧರ್ಮದ ಅವಶ್ಯಕತೆಯೂ ಅಲ್ಲ. 2001ರ ಕಸಾಯಿಖಾನೆಯ ನಿಯಮಗಳು ಇನ್ನಷ್ಟು ಒಳಹೊಕ್ಕು, ಗಬ್ಬವಾದ ಪಶುವನ್ನಾಗಲಿ, ಮೂರು ತಿಂಗಳು ತುಂಬದ ಮರಿಯನ್ನಾಗಲಿ, ಅಂಥ ಮರಿಯುಳ್ಳ ತಾಯಿಯನ್ನಾಗಲಿ ಕೊಯ್ಯಕೂಡದು, ಒಂದರ ಎದುರಿನಲ್ಲಿ ಇನ್ನೊಂದನ್ನು ಕೊಯ್ಯಕೂಡದು ಎಂದು ವಿಧಿಸಿರುವುವು. ಪಶುವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪಶುಗಳನ್ನು ಪರೀಕ್ಷಿಸಲಾಗದೆಂಬ ಮಿತಿಯೂ ಅಲ್ಲಿದೆ. ಒಂದೊಂದಕ್ಕೆ ಐದು ನಿಮಿಷ. ಕಣ್ಣಿನ ಬಿಳಿಯನ್ನು ಬಿಡಿಸಿ ನೋಡಲು, ಹೊಟ್ಟೆ ಮುಟ್ಟಿ ಗಬ್ಬ ತಿಳಿಯಲು, ಕುಂಟುವುದೇ ಎಂದು ನಾಲ್ಕು ಹೆಜ್ಜೆ ನಡೆಸಲು ಅಷ್ಟು ಸಮಯ ಬೇಕೇ ಬೇಕು. ಹುಲಿಗಿಯ ಹೊಲದಲ್ಲಿ, ನಮ್ಮ ಸಂತೆಯೂರುಗಳ ರಸ್ತೆಯಂಚಿನ ಕಟುಕರ ಅಂಗಡಿಗಳಲ್ಲಿ, ಆ ಐದು ನಿಮಿಷಗಳನ್ನು ಕೊಡುವ ವೈದ್ಯರೆಲ್ಲಿ?

ಈ ನಿಯಮಗಳನ್ನು ಓದುವಾಗ ಕೊಪ್ಪಳದವರಾದ ನಮಗೆ ಒಂದು ಹಳೆಯ ನೆನಪು ಬರಬೇಕು. ಊರಿನ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಬಂಡೆಯ ಮೇಲೂ ಅಶೋಕನ ಶಾಸನಗಳಿರುವುದು 1931ರಲ್ಲಿ ಲೋಕಕ್ಕೆ ತಿಳಿಯಿತು. ಉತ್ತರದೇಶದ ಸ್ತಂಭಗಳ ಮೇಲೆ ಅದೇ ರಾಜನು ಕೆತ್ತಿಸಿದ ಐದನೆಯ ಶಾಸನದಲ್ಲಿ, ಗಬ್ಬವಾದ ಅಥವಾ ಹಾಲೂಡುತ್ತಿರುವ ಆಡು ಕುರಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಕೂಡದೆಂಬ ಆಜ್ಞೆಯುಂಟು. ಇಪ್ಪತ್ತೆರಡು ಶತಮಾನಗಳ ಕೆಳಗೆ ಮರಿಗೆ ದೊರೆತಿದ್ದ ಆರು ತಿಂಗಳು ನಮ್ಮ ಕಾಲದ ಕಾಯಿದೆಯಲ್ಲಿ ಮೂರಾಗಿ ಇಳಿದಿದೆ. ಕೊಪಣವೆಂದು ಹೆಸರಾಗಿದ್ದ ಇದೇ ಕೊಪ್ಪಳ ಜೈನರ ಮಹಾತೀರ್ಥವಾಗಿದ್ದಿತು. ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಯಿತ್ತರೂ ಕೊಲ್ಲುವ ಸಂಕಲ್ಪ ತಾಯಿ ಮಗನನ್ನು ಜನ್ಮಜನ್ಮಾಂತರಗಳಲ್ಲಿ ಅಟ್ಟಿಸಿಕೊಂಡು ಹೋದ ಕಥೆಯನ್ನು ಜನ್ನನು 'ಯಶೋಧರ ಚರಿತೆ'ಯಲ್ಲಿ ಹೇಳಿರುವನು. ಮಾಂಸವನ್ನು ಪೂರ್ಣವಾಗಿ ತ್ಯಜಿಸಿದವರ ಆ ದಾರಿ ಉನ್ನತವಾದುದು. ಆದರೆ ಈ ಸೀಮೆಯ ಬಹುಸಂಖ್ಯೆಯ ಜನರು ಉಣ್ಣುವವರೇ ಆಗಿರುವಾಗ, ಉಣ್ಣುವವರ ಹೊಣೆ ಯಾವುದೆಂದು ಕೇಳದೆ ಬಿಡುವುದು ಕುರಿಗೆ ಯಾವ ಉಪಕಾರವನ್ನೂ ಮಾಡದು.

ಮಸಾರಿಯೂ ಕಲ್ಲುಗುಡ್ಡವೂ ಆದ ಈ ನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಮನೆಯನ್ನು ಉಳಿಸುವುದು ಕುರಿಯೇ. ಕುಷ್ಟಗಿ ಯಲಬುರ್ಗಾಗಳ ಹಾಲುಮತದವರು ಕಂಬಳಿಯ ಕರಿಕುರಿಗಳನ್ನೂ, ಗಂಗಾವತಿಯ ಕಡೆಯವರು ಕೆಂಗುರಿಯೆಂಬ ಕಂದು ತಳಿಯನ್ನೂ ಸಾಕುತ್ತ, ಬೇಸಗೆಯಲ್ಲಿ ಹಿಂಡನ್ನು ನೀರಾವರಿಯ ಬಯಲಿಗೆ ಹೊಡೆದುಕೊಂಡು ಹೋಗಿ, ಗೊಬ್ಬರಕ್ಕಾಗಿ ಹೊಲಗಳಲ್ಲಿ ರಾತ್ರಿ ತಂಗಿಸುವರು. ಈಯುವ ಕುರಿಯನ್ನು ಹೆಗಲ ಮೇಲೆ ಹೊತ್ತು, ಹುಟ್ಟಿದ ಮರಿಯನ್ನು ಕಂಬಳಿಯ ಮಡಿಕೆಯಲ್ಲಿಟ್ಟು ನಡೆಯುವ ಕುರಿಗಾಹಿಗೆ ಪ್ರಾಣಿದಯೆಯ ಪಾಠ ಹೇಳಿಕೊಡುವ ಯೋಗ್ಯತೆ ನಮ್ಮಲ್ಲಿ ಯಾರಿಗಿದೆಯೋ ನಾನರಿಯೆ. ಅವನ ಕೈಯಿಂದ ದಲಾಲಿಯ ಕೈಗೆ, ಅಲ್ಲಿಂದ ವಾಹನಕ್ಕೆ, ವಾಹನದಿಂದ ದೂರದ ಪಟ್ಟಣದ ಕಸಾಯಿಖಾನೆಗೆ ಕುರಿ ಹಾದುಹೋಗುವ ಹೊತ್ತಿಗೆ ಅದರ ಯೋಗಕ್ಷೇಮ ಯಾರೊಬ್ಬರದೂ ಆಗಿ ಉಳಿಯುವುದಿಲ್ಲ. ಸಾಕಿದವನು ಕೊಯ್ಯುವವನನ್ನು ಕಾಣನು, ಕೊಯ್ಯುವವನು ಉಣ್ಣುವವನನ್ನು ಕಾಣನು. ಹಿಟ್ಟಿನ ಗಿರಣಿಯಂತೆ ಹಗಲಿರುಳು ನಡೆಯುವ ಆ ಸ್ಥಳದಲ್ಲಿ ರಕ್ತದ ನೀರಿನಲ್ಲಿ ನಿಂತು ದುಡಿಯುವ ಹುಡುಗನ ಕೈಗೆ ಗಾಯವಾದರೆ ಕೇಳುವವರಾರು ಎಂಬ ಪ್ರಶ್ನೆ ಪೋಸ್ಟ್‌ವಿಲ್ಲಿಗೆ ಮಾತ್ರ ಸೇರಿದ್ದಲ್ಲ.

ಕಳೆದ ವರ್ಷ ಕೂಕನಪಳ್ಳಿಯ ಕುರಿ ಸಂತೆಗೆ ಹೋಗಿದ್ದೆನು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸಿ, ದಲಾಲಿಯು ನೋಟುಗಳನ್ನು ಎಣಿಸಿ ಕೊಟ್ಟ ಮೇಲೆ, ಮುದುಕನಾದ ಕುರಿಗಾಹಿಯೊಬ್ಬನು ತನ್ನ ಹನ್ನೊಂದು ಟಗರುಮರಿಗಳ ಹಿಂದೆಯೇ ವಾಹನದವರೆಗೆ ನಡೆದು ಬಂದನು. ಒಳಗೆ ಆಗಲೇ ಎರಡು ಅಂತಸ್ತಿನಲ್ಲಿ ಕುರಿಗಳು ತುಂಬಿದ್ದುವು. ತನ್ನ ಮರಿಗಳಲ್ಲಿ ಕಟ್ಟಕಡೆಯದನ್ನು ತಾನೇ ಎತ್ತಿ ಕೊಡುವ ಮೊದಲು ಅದರ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆಯನ್ನು ಕಿತ್ತು ಕಂಬಳಿಯ ಮೂಲೆಗೆ ಸಿಕ್ಕಿಸಿಕೊಂಡನು.

"ಹಾದ್ಯಾಗ ಎಲ್ಲೆರ ನಿಂದ್ರಸ್ತೀಯೇನಪಾ?" ಎಂದು ಚಾಲಕನನ್ನು ಕೇಳಿದನು.

"ಇಲ್ಲ ಯಜ್ಜ. ಬೆಳಕು ಹರಿಯೂದ್ರಾಗ ಬೆಂಗಳೂರು ಮುಟ್ಟಬೇಕು."

"ಹಂಗಾರ ತಡಿ" ಎಂದು ಮುದುಕನು, ಸಂತೆಯ ಅಂಚಿನ ಹೋಟೆಲಿನ ಕಡೆಗೆ ಬಕೆಟ್ಟು ಕೇಳಿ ತರಲು ಅವಸರದಿಂದ ನಡೆದನು. ಚಾಲಕನು ಇಂಜಿನ್ನು ಆರಿಸಿ ಕಾದು ನಿಂತನು.